ಅತ್ತೆ ಕೇಳಿಸಿಕೊಂಡ ಕಾನೂನು

ನಾನು ಮದುವೆಯಾಗಿ ನಿಡಘಟ್ಟಕ್ಕೆ ಬಂದಾಗ ಕಾನೂನು ಪದವಿಯ ಕೊನೆಯ ಪರೀಕ್ಷೆ ಬಾಕಿಯಿತ್ತು. ಮನೆಯವರು ಸ್ಕೂಲ್ ಮೇಷ್ಟ್ರು. ಮಾವ ಕಬ್ಬು ಬೆಳೆಯುತ್ತಿದ್ದರು, ಅತ್ತೆ ರೇಷ್ಮೆ ಹುಳು ಸಾಕುತ್ತಿದ್ದರು. ಅತ್ತೆಗೆ ಓದು ಬರಹ ಇರಲಿಲ್ಲ. ಪಡಿತರ ಚೀಟಿಗೆ ಹೆಬ್ಬೆಟ್ಟು ಒತ್ತುವಾಗ ಮಾತ್ರ ಅದನ್ನು ನೆನೆದು ಬೇಸರಪಡುತ್ತಿದ್ದರು.

ಪದವಿ ಮುಗಿಸಿ ಮದ್ದೂರಿನ ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಸೇರಿದೆ. ಅವರ ಆಫೀಸಿನಲ್ಲಿ ನಾನೊಬ್ಬಳೇ ಹೆಂಗಸು. ಮಗಳು ಹುಟ್ಟಿ ಎರಡು ವರ್ಷ ತುಂಬಿದಾಗ ಸಿವಿಲ್ ಜಡ್ಜ್ ಪರೀಕ್ಷೆ ಬರೆದೆ, ಫೇಲಾದೆ. ಫಲಿತಾಂಶ ಬಂದ ದಿನ ಊಟದ ಹೊತ್ತಿಗೆ ಮಾವ, "ಇನ್ ಸಾಕು ಬುಡಮ್ಮ, ಇರೋ ವಕೀಲ್ಕೆನೇ ನೋಡ್ಕೊ," ಎಂದರು. ಅವರ ಮಾತಿನಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಆದರೂ ನಾನು ತಟ್ಟೆ ಸರಿಸಿ ಏಳಲು ಹೋದೆ.

ಮುದ್ದೆ ಬಡಿಸುತ್ತಿದ್ದ ಅತ್ತೆ ಕೈ ನಿಲ್ಲಿಸಿದರು. "ಒಂದ್ ಬೆಳೆ ಓಯ್ತು ಅಂತ ಗದ್ದೆ ಬೀಳು ಬುಡ್ತೀರಾ ನೀವು? ಇನ್ನೊಂದ್ಸಲ ಬರೀತಾಳೆ," ಎಂದರು. ಆ ವಿಷಯ ಅಲ್ಲಿಗೆ ಮುಗಿಯಿತು.

ಮರುದಿನದಿಂದ ಬೆಳಗಿನ ಜಾವ ಹುಳುವಿನ ಮನೆಯೇ ನನ್ನ ಓದಿನ ಕೋಣೆಯಾಯಿತು. ಅತ್ತೆ ಹಿಪ್ಪುನೇರಳೆ ಸೊಪ್ಪು ಹೆಚ್ಚಿ ತಟ್ಟೆಗಳಿಗೆ ಹರಡುವರು. ನಾನು ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು ಕಲಮುಗಳನ್ನು ಇಂಗ್ಲಿಷಿನಲ್ಲಿ ಓದಿ, ಮತ್ತೆ ಕನ್ನಡದಲ್ಲಿ ಗಟ್ಟಿಯಾಗಿ ಹೇಳಿಕೊಳ್ಳುವೆ. ಸಾವಿರಾರು ಹುಳುಗಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು. ಅತ್ತೆಯ ಗಮನ ಹುಳುಗಳ ಮೇಲೆಯೇ ಇದೆ ಎಂದುಕೊಂಡಿದ್ದೆ.

ಒಂದು ದಿನ ಕರಾರಿನ ಕಾನೂನು ಒಪ್ಪಿಸುತ್ತಿದ್ದೆ. ಯಾವ ಯಾವ ಕಾರಣಕ್ಕೆ ಒಪ್ಪಿಗೆ ಮುಕ್ತವಲ್ಲ ಎಂದು ಹೇಳಿ ಮುಂದಿನ ಕಲಮಿಗೆ ಹೋದೆ. ಅತ್ತೆ ತಲೆ ಎತ್ತದೆ, "ನಿಲ್ಲು. ನೆನ್ನೆ ಐದಿದ್ವು, ಇವತ್ತು ನಾಕೇ ಆದ್ವು," ಎಂದರು.

"ಯಾವುದು ಬಿಟ್ಟೆ ಅತ್ತೆ?"

ಅವರು ಸೊಪ್ಪಿನ ಕುಡುಗೋಲು ಕೆಳಗಿಟ್ಟು ಬೆರಳು ಮಡಿಸಿದರು. "ಬಲವಂತ ಆಯ್ತು. ದೊಡ್ಡೋರು ಅಂತ ಅದುಮ್ಕಳೋದು ಆಯ್ತು. ಸುಳ್ಳು ತಿಳ್ಸೋದು, ತಪ್ ತಿಳ್ಕಳೋದು. ಮೋಸ ಬುಟ್ಟೆ ಕಣಮ್ಮ. ಮೋಸ ಬುಟ್ರೆ ಆದದಾ?"

ಪುಸ್ತಕ ನೋಡಿದೆ. ಅವರು ಹೇಳಿದ್ದೇ ಸರಿ. ಇಬ್ಬರೂ ನಗಲು ಶುರುಮಾಡಿದೆವು. ತೊಟ್ಟಿಲಲ್ಲಿದ್ದ ಮಗಳು ಎದ್ದು ಕೂತು, ಏನೆಂದು ತಿಳಿಯದೆ ತಾನೂ ನಕ್ಕಳು.

ಅಂದಿನಿಂದ ಅವರು ನನ್ನ ಪರೀಕ್ಷಕರಾದರು. ಕೇಳಿಸಿಕೊಂಡದ್ದು ಮನೆಯೊಳಗೂ ಬಳಕೆಗೆ ಬರತೊಡಗಿತು. ಒಮ್ಮೆ ತಿಂಡಿ ತಡವಾಗಿದ್ದಕ್ಕೆ ಮಾವ ರೇಗಿ, ಸೊಸೆಯ ಓದಿನ ಮಾತನ್ನು ಮತ್ತೆ ತೆಗೆದರು. ಅತ್ತೆ ಒಲೆಯ ಮುಂದಿನಿಂದಲೇ, "ಅದು ತೀರ್ಮಾನ ಆಗೋಗದೆ. ಅದೇ ಜನ ಅದೇ ಯಾಜ್ಯನ ಎಲ್ಡನೇ ಸಲ ತರಂಗಿಲ್ಲ. ಕಾನೂನು," ಎಂದರು.

ಮಾವ ತಬ್ಬಿಬ್ಬಾದರು. "ಅಪೀಲಿಗಾದ್ರೂ ಓಗ್ಬೋದಾ?" ಎಂದು ಕೇಳಿದರು.

"ಓಗಿ. ಈ ಮನೇಲಿ ನನಗಿಂತ ಮೇಲ್ ಯಾರವ್ರೆ?"

ಎರಡನೇ ಸಲ ಪಾಸಾದೆ. ಸುದ್ದಿ ಹೇಳಲು ನಮ್ಮ ಹಿರಿಯ ವಕೀಲರು ಮದ್ದೂರಿನಿಂದ ಸ್ಕೂಟರ್ ಹತ್ತಿಕೊಂಡು ತಾವೇ ಬಂದರು. ಅತ್ತೆ ಅವರನ್ನು ಕೂರಿಸಿ ಮಜ್ಜಿಗೆ ಕೊಟ್ಟರು. ಆಮೇಲೆ ಬೆಲ್ಲದ ಅಚ್ಚೊಂದನ್ನು ಒಡೆದು ಸೆರಗಿಗೆ ಹಾಕಿಕೊಂಡು ಬೀದಿಗಿಳಿದರು. "ನನ್ ಸೊಸೆ ಜಡ್ಜಾದ್ಲು ಕಣ್ರಲೇ, ಬಾಯ್ ಸೀ ಮಾಡ್ಕಳಿ," ಎಂದು ಅವರು ಹಂಚುತ್ತಿದ್ದುದು ಮನೆಯವರೆಗೂ ಕೇಳಿಸುತ್ತಿತ್ತು. ಮಾವ ಅವರ ಹಿಂದೆ ಇನ್ನೊಂದು ಅಚ್ಚು ಹಿಡಿದು ಹೊರಟರು.

ನನ್ನ ಮೊದಲ ಪೋಸ್ಟಿಂಗ್ ಉತ್ತರದ ಕಡೆಯ ಒಂದು ಊರಿಗೆ ಬಿತ್ತು. ಮನೆಯವರು ಸ್ಕೂಲು ಬಿಟ್ಟು ಬರುವಂತಿರಲಿಲ್ಲ. ಮೈಸೂರು ದಾಟಿ ಎಲ್ಲೂ ಹೋಗದಿದ್ದ ಅತ್ತೆ, ಹುಳುವಿನ ತಟ್ಟೆಗಳನ್ನು ಮಾವನಿಗೆ ಒಪ್ಪಿಸಿ, ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ನನ್ನ ಜೊತೆ ರೈಲು ಹತ್ತಿದರು.

ಮೊದಲ ವಾರದಲ್ಲೇ ಒಂದು ದಿನ ಕೋರ್ಟು ನೋಡಲು ಬಂದು ಕೊನೆಯ ಬೆಂಚಿನಲ್ಲಿ ಕೂತರು. ನಾನು ಒಳಗೆ ಬಂದೆ, ಎಲ್ಲರೂ ಎದ್ದು ನಿಂತರು. ಪದ್ಧತಿಯಂತೆ ಸಭೆಗೆ ಕೈ ಮುಗಿದೆ. ಕೊನೆಯ ಸಾಲಿನಲ್ಲಿ ಅತ್ತೆ ಬಲಗೈ ಎತ್ತಿ ಹರಸುತ್ತಿದ್ದರು. ನಗು ಬಂದದ್ದನ್ನು ಹೇಗೋ ತಡೆದು ಮೊದಲನೆಯ ಕೇಸು ಕೂಗಿಸಿದೆ.

ಸಂಜೆ ಮನೆಗೆ ಬಂದಾಗ ಅವರ ಕಣ್ಣು ತುಂಬಿತ್ತು. "ಅಷ್ಟು ಜನದ್ ಮುಂದೆ ನಂಗೆ ಕೈ ಮುಗಿದ್ಯಲ್ಲ ಮಗ," ಎಂದರು. ಅದು ಇಡೀ ಸಭೆಗೆ ಮಾಡುವ ನಮಸ್ಕಾರ ಎಂದು ನಾನು ಹೇಳಲಿಲ್ಲ. ಹಾಗೆ ಹೇಳಿದ್ದರೆ ಅದೇ ಸುಳ್ಳಾಗುತ್ತಿತ್ತು.

ಆಮೇಲೆ ಊರು ಊರು ತಿರುಗಿದೆವು. ಕೇಸುಗಳ ವಿಷಯ ಮನೆಯಲ್ಲಿ ಮಾತಾಡಬಾರದೆಂದು ನಾನು ನಿಯಮ ಮಾಡಿಕೊಂಡಿದ್ದೆ. "ಓದೋವಾಗ ನಾನ್ ಬೇಕಿತ್ತು, ಈಗ ಒಂದ್ಮಾತೂ ಏಳಕಿಲ್ಲ," ಎಂದು ಅತ್ತೆ ಮುನಿಸಿಕೊಳ್ಳುತ್ತಿದ್ದರು. ಆದರೂ ನಾನು ಕಷ್ಟದ ತೀರ್ಪು ಬರೆಯುವ ದಿನ ಅವರಿಗೆ ಹೇಗೋ ಗೊತ್ತಾಗಿ ಮಗಳನ್ನು ಆಚೆ ಆಡಿಸಲು ಕರೆದೊಯ್ಯುತ್ತಿದ್ದರು. ಜಿಲ್ಲಾ ನ್ಯಾಯಾಧೀಶೆಯಾಗಿ ನಿವೃತ್ತಳಾದ ಮೇಲೆ ಮಂಡ್ಯದ ಗುತ್ತಲಿನಲ್ಲಿ ಮನೆ ಮಾಡಿದೆವು. ಮಾವ ಅಷ್ಟರಲ್ಲಿ ತೀರಿಕೊಂಡಿದ್ದರು. ಅತ್ತೆಗೆ ಈಗ ಎಂಬತ್ತು ದಾಟಿದೆ.

ಹೋದ ವರ್ಷ ಮಳವಳ್ಳಿಯ ಮಹಿಳಾ ವಕೀಲರು ತಮ್ಮ ಹೊಸ ಕೊಠಡಿಗೆ ಬಂದು ಎರಡು ಮಾತಾಡಿ ಎಂದು ಕರೆದರು. ಅತ್ತೆ ಇಸ್ತ್ರಿಯ ಸೀರೆ ಉಟ್ಟು ನನಗಿಂತ ಮೊದಲೇ ಕಾರಿನಲ್ಲಿ ಕೂತಿದ್ದರು. ನಾನು ಭಾಷಣ ಮುಗಿಸಿ ಹುಡುಕಿದರೆ, ಕರಿಕೋಟಿನ ಹುಡುಗಿಯರೆಲ್ಲ ಅವರನ್ನು ಸುತ್ತುಗಟ್ಟಿದ್ದರು. ಯಾವೂರು, ಯಾರ ಮನೆ, ಮದುವೆಯಾಯಿತಾ, ಊಟ ಯಾರು ಮಾಡುತ್ತಾರೆ ಎಂದು ಒಬ್ಬೊಬ್ಬರನ್ನೂ ಪಾಟೀಸವಾಲು ಮಾಡುತ್ತಿದ್ದರು. ಅವರಲ್ಲೊಬ್ಬಳು ನಗುತ್ತಾ, "ಮೇಡಂ, ನೀವು ಸ್ವಲ್ಪ ಇರಿ, ಅಜ್ಜಿದಿನ್ನೂ ಮುಗಿದಿಲ್ಲ," ಎಂದಳು. ನಾನು ಒಂದು ಕುರ್ಚಿ ಎಳೆದುಕೊಂಡು ಕೂತೆ.

ವಾಪಸು ಬರುವಾಗ ಅತ್ತೆ ಕಿಟಕಿಯ ಕಡೆ ನೋಡುತ್ತಿದ್ದವರು ತಟ್ಟನೆ ತಿರುಗಿದರು.

"ಮಳವಳ್ಳಿ ಕಡೆ ಏನಾರ ಕೇಸಿದ್ರೆ ಏಳು. ವಕೀಲ್ರೆಲ್ಲ ನಂಗೆ ಗೊತ್ತವ್ರೆ."

"ನಮಗ್ಯಾವ ಕೇಸು ಅತ್ತೆ?"

"ಇಲ್ವಾ?" ಎಂದರು, ಸ್ವಲ್ಪ ನಿರಾಸೆಯಿಂದ.