ಎರಡನೇ ತ್ರಿಶಲಾ

ಕಾಗವಾಡದ ತ್ರಿಶಲಾಳಿಗೆ ಕಬ್ಬೂರಿನ ತವರಿನವರು ಇಟ್ಟ ಹೆಸರು ಪದ್ಮಶ್ರೀ. ಇಪ್ಪತ್ತೆರಡು ವರ್ಷದ ಹಿಂದೆ, ಮದುವೆಯ ದಿನ, ಗಂಡ ತಾಟಿನಲ್ಲಿ ಹರವಿದ ಅಕ್ಕಿಯ ಮೇಲೆ ಉಂಗುರದಿಂದ ಅವಳ ಹೊಸ ಹೆಸರು ಬರೆದ. ಅದು ತೀರಿಕೊಂಡಿದ್ದ ಅವನ ಮೊದಲ ಹೆಂಡತಿಯ ಹೆಸರು.

"ಮನ್ಯಾಗ ಎಲ್ಲಾರ ಬಾಯಾಗೂ ಅದ ಕುಂತೈತಿ," ಎಂದರು ಅತ್ತೆ ತಾರಾಬಾಯಿ.

ಅವಳು ಬೇಡ ಎನ್ನಲಿಲ್ಲ.

ಮೊನ್ನೆ ಅವಳು ರೊಟ್ಟಿ ಬಡಿಯುತ್ತಿದ್ದಾಗ, ಬಿ.ಎ. ಓದುವ ಮಗಳು ಮಯೂರಿ ಇತಿಹಾಸದ ಪುಸ್ತಕ ಹಿಡಿದು ಬಂದಳು. "ಅವ್ವಾ, ಪೋರ್ಚುಗಲ್ಲಿನ ರಾಜಾನೂ ಜೊವಾಂವ್, ಆಫ್ರಿಕಾದ ಕಾಂಗೊ ರಾಜಾನೂ ಜೊವಾಂವ್. ಕ್ರಿಶ್ಚನ್ ಆಗೂಮುಂದ ಕಾಂಗೊದಾವ ಅವನ ಹೆಸರ ತಗೊಂಡಾನ."

"ಅವನ ಮೊದಲಿನ ಹೆಸರೇನು?"

"ನ್ಜಿಂಗಾ." ಮಯೂರಿ ತಾಯಿಯ ಮುಖ ನೋಡಿದಳು. "ನಿನ್ನ ಹಳೇ ಹೆಸರು ಹಿಡದು ಈಗ ಯಾರಾರ ಕರೀತಾರೇನು?"

"ಕಬ್ಬೂರಾಗ ನಮ್ಮಪ್ಪ ಕರೀತಿದ್ದ. ಅವ ಹೋಗಿ ಒಂಬತ್ತು ವರ್ಷಾತು."

"ನಾ ಕರೀಲೇನು?"

ತ್ರಿಶಲಾ ಆ ಹೆಸರನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡಳು. ಪಕ್ಕದ ಮನೆಯ ಯಾರದೋ ಹೆಸರು ಅನ್ನಿಸಿತು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ.

"ಬ್ಯಾಡ ಬಿಡು," ಎಂದಳು. "ಕರದರ ಓ ಅನ್ನಾಕ ನೆನಪಾಗೂದಿಲ್ಲ ನನಗ."