ಆಟೊದ ಹಿಂದಿನ ಸೀಟಿನಲ್ಲಿ ಸೇನಾ ಸಂದರ್ಶನ

ನಸುಕು ಹರಿಯುವ ಮೊದಲೇ ಚೆನ್ನಯ್ಯನವರ ಆಟೊ ಕುಂಜತ್ತೂರಿನ ಕಡಲ ಬದಿಗೆ ಬಂದು ನಿಲ್ಲುತ್ತದೆ. ಸೇನೆ ಸೇರಲೆಂದು ಹೊಯಿಗೆಯ ಮೇಲೆ ಓಡುವ ಯುವಕ ಯುವತಿಯರನ್ನು ಅವರು ಕೂಗಿ ಹುರಿದುಂಬಿಸುವುದಿಲ್ಲ. ತೆಂಗಿನ ಮರದ ಮರೆಯಲ್ಲಿ ಅರ್ಧ ದಾರಿಯಿಂದಲೇ ತಿರುಗುವವರು ಯಾರೆಂದು ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಪತ್ರಿಕೆಯವರ ಮೇಲೂ ಅದೇ ನೋಟ.

"ನಿಮ್ಮನ್ನು ಕಳಿಸಿದ್ದು ಯಾರು? ನಾನು ಫೀಸು ತೆಗೊಳ್ತೇನೆ ಅಂತ ಯಾರಾದ್ರೂ ಹೇಳಿದ್ರಾ?"

ಈ ತರಬೇತಿಗೆ ಫೀಸು ಇಲ್ಲ. ಹಗಲಿಡೀ ಉಪ್ಪಳದಲ್ಲಿ ಆಟೊ ಓಡಿಸುವ ಈ ಮಾಜಿ ಯೋಧರಿಗೆ ಒಂದೇ ಹಟ: ಕೇರಳದ ಅಂಚಿನ ಈ ಗಡಿಯೂರಿನಿಂದ ಒಬ್ಬರಾದರೂ ಸೇನಾ ಅಕಾಡೆಮಿ ಸೇರಿ ಅಧಿಕಾರಿಯಾಗಬೇಕು. ಸಿಪಾಯಿಯಾಗಿದ್ದಾಗ ತಾವೇ ಅದಕ್ಕೆ ಅರ್ಜಿ ಹಾಕಿದ್ದರು. ಕೇರಳ ಎಂದೊಡನೆ ಸಂದರ್ಶಕರೊಬ್ಬರು ಮಲಯಾಳದಲ್ಲಿ ಮಾತಿಗಿಳಿದರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತವರ ನಾಲಿಗೆ ತಡವರಿಸಿತು.

"ಇವ ಎಲ್ಲಿಯವನೂ ಅಲ್ಲ ಅನ್ನುವ ಹಾಗೆ ಮುಖ ಮುಖ ನೋಡಿಕೊಂಡ್ರು. ನನ್ನನ್ನು ಬಿಟ್ಟದ್ದು ಅದಕ್ಕೋ ಬೇರೆ ಎಂತದಕ್ಕೋ, ಇವತ್ತಿಗೂ ಗೊತ್ತಿಲ್ಲ. ಅವರು ಕಾರಣ ಹೇಳುವುದಿಲ್ಲವಲ್ಲ ಮಾರಾಯ್ರೆ!"

ಆ ಸಂಶಯ ಇನ್ನೂ ಮುಳ್ಳಿನಂತೆ ಚುಚ್ಚುತ್ತಲೇ ಇದೆ. ಅದಕ್ಕೇ ಶಿಷ್ಯರಿಗೆ ಸಂದರ್ಶನದ ಅಭ್ಯಾಸವನ್ನೂ ಮಾಡಿಸುತ್ತಾರೆ, ಓಡುವ ಆಟೊದಲ್ಲೇ. ಹಿಂದಿನ ಸೀಟಿನಲ್ಲಿ ಕೂತವರನ್ನು ಎದುರಿನ ಕನ್ನಡಿಯಲ್ಲೇ ದಿಟ್ಟಿಸುತ್ತಾ ಚೆನ್ನಯ್ಯ ಪ್ರಶ್ನೆ ಎಸೆಯುತ್ತಾರೆ. ಕಣ್ಣು ತಪ್ಪಿಸಿದರೆ ಮುಗಿಯಿತು, ಮತ್ತೆ ಮೊದಲಿನಿಂದ. ಊರು ಕೇಳಿದರೆ "ಮಂಗಳೂರು" ಎನ್ನಬೇಕೆಂದೂ ಅವರೇ ಕಲಿಸಿದ್ದರು. ಗಲ್ಫಿಗೆ ಹೋದ ಇಲ್ಲಿನವರೂ ಹೇಳುವುದು ಹಾಗೆಯೇ, ವಿವರಿಸುವ ರಗಳೆ ಇಲ್ಲ.

ಕಳೆದ ವರ್ಷ, 2017ರಲ್ಲಿ, ಶಿಷ್ಯೆ ಅಶ್ಮಿತಾ ಸೇನಾ ಸಂದರ್ಶನದಲ್ಲಿ ಹಾಗೆಯೇ ಹೇಳಿದಳು. ಕಾಗದದಲ್ಲಿ ಕಾಸರಗೋಡು, ಬಾಯಲ್ಲಿ ಮಂಗಳೂರು! ಸಂದರ್ಶಕರು ಕೆದಕಿದರು, ಹುಡುಗಿ ಬೆವರಿದಳು, ಬರಿಗೈಯಲ್ಲಿ ಮರಳಿದಳು.

"ಊರು ಅಡಗಿಸಿದ್ದೇ ತಪ್ಪಾಯ್ತು ಚೆನ್ನಯ್ಯಣ್ಣ," ಎನ್ನುತ್ತಾಳೆ ಅವಳು.

"ಊರು ಹೇಳಿದ್ರೆ ತೆಗೊಳ್ತಿದ್ರು ಅಂತ ಎಂತ ಗ್ಯಾರಂಟಿ ಉಂಟು?" ಚೆನ್ನಯ್ಯನವರ ಸಂಶಯ ಅಷ್ಟು ಸುಲಭಕ್ಕೆ ಇಳಿಯುವಂಥದ್ದಲ್ಲ.

ವಯಸ್ಸಿನ ಮಿತಿಯಲ್ಲಿ ಅಶ್ಮಿತಾಗೆ ಇದು ಕೊನೆಯ ಅವಕಾಶ. ಸಂದರ್ಶನಕ್ಕೆ ಇಂದೇ ಹೊರಡಬೇಕು. ಅಭ್ಯಾಸ ಮುಗಿಸಿ ಅವಳನ್ನು ಉಪ್ಪಳ ರೈಲು ನಿಲ್ದಾಣಕ್ಕೆ ಬಿಡುವ ದಾರಿಯಲ್ಲಿ ಚೆನ್ನಯ್ಯ ಕನ್ನಡಿ ಸರಿಪಡಿಸುತ್ತಾರೆ.

"ಊರು ಯಾವುದು?"

"ಕುಂಜತ್ತೂರು ಸರ್, ಕಾಸರಗೋಡು ಜಿಲ್ಲೆ. ಮನೆಮಾತು ತುಳು, ಓದಿದ್ದು ಕನ್ನಡ. ಮಲಯಾಳ ಸ್ವಲ್ಪ ತಪ್ಪುತ್ತದೆ, ಆದ್ರೂ ಮಾತಾಡ್ತೇನೆ."

ಕನ್ನಡಿಯಲ್ಲಿ ಅವಳ ಕಣ್ಣು ಅಲುಗುವುದಿಲ್ಲ. ಈ ಸಲ ಕಣ್ಣು ತಪ್ಪಿಸುವವರು ಚೆನ್ನಯ್ಯ.

ರೈಲು ಹೊರಟ ಮೇಲೂ ಅವರು ಬಾಡಿಗೆಗೆ ಆಟೊ ತಿರುಗಿಸುವುದಿಲ್ಲ. ಆಯ್ಕೆಯಾಗುತ್ತಾಳೆಯೇ ಎಂದು ಕೇಳಿದರೆ ತಲೆ ಅಡ್ಡಡ್ಡ ಆಡಿಸುತ್ತಾರೆ.

"ಅವರನ್ನು ನಾನು ನಂಬುವುದಿಲ್ಲ. ಆದ್ರೆ ಒಂದು ಆಸೆ ಉಂಟು. ಬೇಡ ಅನ್ನುವುದಾದ್ರೆ, ಈ ಸಲ ನಾವು ಯಾರು ಅಂತ ಗೊತ್ತಿದ್ದೇ ಬೇಡ ಅನ್ಲಿ."