ಪಕ್ಕದ ಸೀಟು
ಆ ಎರಡು ಬಾಗಿಲಿನ ಹಳೇ ಸ್ಪೋರ್ಟ್ಸ್ ಕಾರು ಅಗ್ಗಕ್ಕೆ ಸಿಕ್ಕಿದ್ದೇ ತಡ, ಡ್ರಾಯಿಂಗ್ ಮೇಷ್ಟ್ರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಾನೆಟ್ ತಟ್ಟಿದರೆ ತುಕ್ಕು ಉದುರುತ್ತಿತ್ತು, "ನೋಡೇ, ಹಗುರ ಆದಷ್ಟೂ ಜೋರಾಗಿ ಓಡುತ್ತೆ!" ಎಂದು ಹೆಂಡತಿಯನ್ನು ಕರೆದು ಹಿಗ್ಗುತ್ತಿದ್ದರು. "ಮೊದಲು ಗೇಟು ದಾಟಲಿ," ಎಂದು ಆಕೆ ಕುಟುಕುತ್ತಿದ್ದರು. ರಜೆ ಬಂತೆಂದರೆ ಕಾರಿನಡಿಯಿಂದ ಮೇಷ್ಟ್ರ ಪಾದಗಳಷ್ಟೇ ಕಾಣುತ್ತಿದ್ದವು, ಜೊತೆಗೆ "ಇನ್ನೊಂದೇ ಸಣ್ಣ ಕೆಲಸ!" ಎಂಬ ಕೂಗು. ಎಂಜಿನ್ನಿಗೂ ಮೊದಲು ಅವರು ರಿಪೇರಿ ಮಾಡಿದ್ದು ಪಕ್ಕದ ಸೀಟನ್ನು. ಉದ್ದ ಕಾಲಿನ ಗೆಳೆಯನಿಗೆಂದು ಅದನ್ನು ಹಿಂದಕ್ಕೆ ಸರಿಸಿ ಬಿಗಿದಿದ್ದರು. ಮೇಷ್ಟ್ರು ತೀರಿಕೊಂಡ ಮೇಲೆ ಉಳಿದ ಕೆಲಸವನ್ನು ಆ ಗೆಳೆಯನೇ ಮುಗಿಸಿದ. "ನೀವು ಪಕ್ಕದಲ್ಲಿ ಕೂತ್ಕೊಳ್ಳಿ ಅಣ್ಣಾ, ಓಡಿಸೋದು ನಾನು," ಎಂದು ಮೇಷ್ಟ್ರ ಹೆಂಡತಿ ಕೀಲಿ ತಿರುಗಿಸಿದರು. ಎಂಜಿನ್ ಗುಡುಗಿತು, ಕಾರು ಗೇಟು ದಾಟಿತು. ಗೆಳೆಯ ಕಾಲು ಚಾಚಿದ. ಮೇಷ್ಟ್ರ ಅಳತೆ ತಪ್ಪಿರಲಿಲ್ಲ.